ಹಿತ್ತಿಲಿನಿಂದ ಪುರವಣಿಗೆ: ಕಾಸರಗೋಡಿನ ಒಬ್ಬ ಕೈತೋಟ ಲೇಖಕಿಯ ಪ್ರಕರಣ

ಪೆರ್ಲ ಮತ್ತು ಬದಿಯಡ್ಕದ ನಡುವಿನ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ಮೇಲ್ಬದಿಯ ಮನೆಯೊಂದರಲ್ಲಿ ವಾಸಿಸುವ, ನಲವತ್ತರ ಆಸುಪಾಸಿನ ಗೃಹಿಣಿಯೊಬ್ಬರು ಕೈತೋಟದ ಬಗ್ಗೆ ಬರೆಯಲು ತೊಡಗಿ, ಆರಂಭದ ಒಂದು ವರ್ಷ ಯಾವ ಪತ್ರಿಕೆಯಿಂದಲೂ ಉತ್ತರ ಬಾರದೆ, ಅನಂತರ ಒಂದು ದಿನಪತ್ರಿಕೆಯ ವಾರದ ಕೃಷಿ ಪುರವಣಿಗೆ ನಿಯಮಿತವಾಗಿ ಬರೆಯುವಂತಾದ ಸಂಗತಿಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ಪುರವಣಿಯಲ್ಲಿ ಆಗ ಉಪಸಂಪಾದಕನಾಗಿದ್ದ ನಾನು ಅವರ ಪ್ರಕಟಿತ ಬರಹಗಳನ್ನೂ, ಪ್ರಕಟವಾಗದೆ ಉಳಿದವುಗಳನ್ನೂ, ಅವೆಲ್ಲದರ ಹಿಂದಿದ್ದ ಟಿಪ್ಪಣಿಗಳನ್ನೂ ಅವರ ಒಪ್ಪಿಗೆಯಿಂದಲೇ ನೋಡಿದ್ದೇನೆ. ಹೆಸರು ಬೇಡವೆಂದು ಅವರು ಕೇಳಿಕೊಂಡಿರುವುದರಿಂದ ಅವರನ್ನು ಲೇಖಕಿ ಎಂದಷ್ಟೇ ಕರೆಯುತ್ತೇನೆ.

ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ. ಉತ್ತರ ಬಾರದ ವರ್ಷಕ್ಕೂ ಬರಹ ಅಚ್ಚಾದ ವರ್ಷಕ್ಕೂ ನಡುವೆ ಅವರ ಕನ್ನಡ ಬದಲಾಗಲಿಲ್ಲ, ಗಿಡಗಳ ಬಗೆಗಿನ ತಿಳಿವಳಿಕೆಯೂ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಬದಲಾದದ್ದು, ತಮಗೆ ಗೊತ್ತಿರುವುದರಲ್ಲಿ ಯಾವುದನ್ನು ಬರೆಯಬೇಕು ಎಂಬ ಆಯ್ಕೆ ಮಾತ್ರ.

ಹಿನ್ನೆಲೆ

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ ಮಾಧ್ಯಮದಲ್ಲಿ ಓದಿ, ಮಂಗಳೂರು ಮತ್ತು ಮಣಿಪಾಲದಿಂದ ಬರುವ ಪತ್ರಿಕೆಗಳನ್ನು ಓದುತ್ತಾ ಬೆಳೆದ ಇಲ್ಲಿನ ಕನ್ನಡಿಗರಿಗೆ ಪಂಚಾಯತಿನ ಕೃಷಿ ಭವನದಿಂದ ಸಿಗುವ ಕರಪತ್ರ ಬಹುಮಟ್ಟಿಗೆ ಮಲಯಾಳದಲ್ಲಿರುತ್ತದೆ. ನಮ್ಮ ಲೇಖಕಿಯೂ ಮನೆಯಲ್ಲಿ ಹವ್ಯಕ ಕನ್ನಡ, ಕೆಲಸದವರೊಡನೆ ತುಳು, ಪೇಟೆಯಲ್ಲಿ ಮಲಯಾಳ ಎಂಬ ಕ್ರಮದಲ್ಲಿಯೇ ಬಾಳುವವರು. ಇದನ್ನು ಅವರು ಮೊದಮೊದಲು ಕೊರತೆಯೆಂದೇ ತಿಳಿದಿದ್ದರು. ಬೆಂಗಳೂರಿನ ಬರಹಗಾರರಂತೆ ತಮಗೆ ಬರೆಯಲು ಬಾರದೆಂಬ ಅಳುಕು ಅವರ ಮೊದಲ ಪತ್ರದಲ್ಲಿಯೇ ಇತ್ತು. ಆದರೆ ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸುಗಳನ್ನು ಮಲಯಾಳದಲ್ಲೇ ಓದಬಲ್ಲ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ, ಅಂದರೆ ಊರವರೆಲ್ಲ ಸಿಪಿಸಿಆರ್‌ಐ ಎನ್ನುವ ಸಂಸ್ಥೆಗೆ, ಒಂದು ಬಸ್ಸಿನಲ್ಲಿ ಹೋಗಿಬರಬಲ್ಲ ಕನ್ನಡ ಬರಹಗಾರರು ಎಷ್ಟು ಮಂದಿ ಇದ್ದಾರು?

ಬರಹಕ್ಕೆ ಬೇಕಾದ ಹಿನ್ನೆಲೆಯೂ ಈ ಸೀಮೆಯಲ್ಲಿ ಬಡವಾಗಿಲ್ಲ. ಕೃಷಿಕನ ಕೈಗೇ ಲೇಖನಿ ಕೊಡಬೇಕೆಂಬ ನಿಲುವಿನೊಡನೆ 1988ರಲ್ಲಿ ಪುತ್ತೂರಿನಿಂದ ಆರಂಭವಾದ ಅಡಿಕೆ ಪತ್ರಿಕೆ, ಬರೆದು ಅಭ್ಯಾಸವಿಲ್ಲದ ಬೆಳೆಗಾರರಿಂದಲೇ ಬರೆಸಿ ತೋರಿಸಿತು. ಅದನ್ನು ರೂಪಿಸಿದ ಶ್ರೀ ಪಡ್ರೆಯವರು ಎಣ್ಮಕಜೆ ಪಂಚಾಯತಿನ ವಾಣೀನಗರದವರು. ಹೀಗಾಗಿ ಕೃಷಿಯ ಬಗ್ಗೆ ಬರೆಯುವುದು ಈ ಊರುಗಳಲ್ಲಿ ವಿಚಿತ್ರವಾದ ಹವ್ಯಾಸವೇನೂ ಅಲ್ಲ. ಆದರೂ ಅಡಿಕೆ, ತೆಂಗು, ಕಾಳುಮೆಣಸಿನ ಬಗ್ಗೆ ಬರೆದದ್ದಕ್ಕೆ ಸಿಗುವ ಮನ್ನಣೆ ಅಡುಗೆಮನೆಯ ಹಿಂದಿನ ಬಸಳೆ, ಹರಿವೆ, ಅಳಸಂಡೆಯ ಬಗ್ಗೆ ಬರೆದದ್ದಕ್ಕೆ ಸಿಗುವುದಿಲ್ಲ. ಗಂಡಸರು ನೋಡಿಕೊಳ್ಳುವುದು ಬೆಳೆ, ಹೆಂಗಸರು ನೋಡಿಕೊಳ್ಳುವುದು ಹೊತ್ತು ಕಳೆಯುವ ಕೆಲಸ ಎಂಬ ಎಣಿಕೆ ಮನೆಗಳಲ್ಲಿರುವಂತೆ ಪತ್ರಿಕೆಯ ಮೇಜಿನಲ್ಲಿಯೂ ಇದೆ.

ನೆಲದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡಗಳು ಆ ನೀರನ್ನು ಬೇಗನೆ ಬಿಟ್ಟುಕೊಡುವುದರಿಂದ ಮಾರ್ಚ್ ಬರುವಾಗ ಹಿತ್ತಿಲು ಒಣಗಿರುತ್ತದೆ. ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ನಡೆದುಹೋಗುವಷ್ಟು ಅಗಲ ಕೊರೆದ ಸುರಂಗಗಳಿಂದ ಒಸರುವ ನೀರೇ ಎಣ್ಮಕಜೆ, ಬಾಯಾರು ಕಡೆಯ ಅನೇಕ ಮನೆಗಳಿಗೆ ಬೇಸಿಗೆಯ ಆಧಾರ. ಲೇಖಕಿಯ ಮನೆಗೂ ಅಂಥದೊಂದು ಸುರಂಗವಿದೆ.

ಮೊದಲ ಹಸ್ತಪ್ರತಿ

ಅವರು ಕಳುಹಿಸಿದ ಮೊದಲ ಲೇಖನದ ಶೀರ್ಷಿಕೆ ‘ಕೈತೋಟದ ಮಹತ್ವ’. ಅದು ಹೀಗೆ ಆರಂಭವಾಗುತ್ತಿತ್ತು: “ಇಂದಿನ ಯಾಂತ್ರಿಕ ಬದುಕಿನಲ್ಲಿ ಕೈತೋಟವು ಮನಸ್ಸಿಗೆ ನೆಮ್ಮದಿಯನ್ನೂ ದೇಹಕ್ಕೆ ಆರೋಗ್ಯವನ್ನೂ ನೀಡುತ್ತದೆ. ಪ್ರತಿಯೊಬ್ಬರೂ ತಮ್ಮ ಮನೆಯಂಗಳದಲ್ಲಿ ವಿಷಮುಕ್ತ ತರಕಾರಿಯನ್ನು ಬೆಳೆಸಬೇಕು.” ವಾಕ್ಯಗಳಲ್ಲಿ ತಪ್ಪಿರಲಿಲ್ಲ. ಅಂಥ ವಾಕ್ಯಗಳಿರುವ ಲೇಖನಗಳು ಆ ಮೇಜಿಗೆ ಪ್ರತಿವಾರವೂ ಬರುತ್ತಿದ್ದವು. ಅವುಗಳ ಮೇಲಿನ ಹೆಸರನ್ನು ಅದಲುಬದಲು ಮಾಡಿದರೆ ಬರೆದವರಿಗೂ ತಿಳಿಯದೇನೋ ಎನ್ನುವಷ್ಟು ಒಂದೇ ರೀತಿ ಇರುತ್ತಿದ್ದವು. ಉತ್ತರ ಬರೆಯುವ ವ್ಯವಧಾನ ಯಾರಿಗೂ ಇರಲಿಲ್ಲವೆಂಬುದು ನಿಜ, ಆದರೆ ಉತ್ತರ ಬರೆದಿದ್ದರೂ ಅದರಲ್ಲಿ ಹೇಳಬಹುದಾದದ್ದು ಹೆಚ್ಚಿರಲಿಲ್ಲ. ‘ಮನೆಯಂಗಳದ ಔಷಧಿ ಸಸ್ಯಗಳು’, ‘ತಾರಸಿ ತೋಟ ಹೇಗೆ?’ ಎಂಬ ಮುಂದಿನ ಲೇಖನಗಳಿಗೂ ಅದೇ ಗತಿಯಾಯಿತು. ತಾರಸಿ ತೋಟದ ಲೇಖನವಂತೂ ಹಂಚಿನ ಮಾಡಿನ ಮನೆಯಲ್ಲಿ ಕುಳಿತು ಬರೆದದ್ದು!

ಪ್ರಕಟವಾಗದ ಲೇಖನದ ಪ್ರತಿಯನ್ನು ಓದಿದ ಅವರ ಅತ್ತೆ ಹೇಳಿದ ಮಾತು ಮೇಜಿನಲ್ಲಿ ಕುಳಿತ ನಮ್ಮ ವಿಮರ್ಶೆಗಿಂತ ಸ್ಪಷ್ಟವಾಗಿತ್ತು. “ಇದು ಎಲ್ಲೋರಿಂಗೂ ಗೊಂತಿಪ್ಪದೇ ಅಲ್ಲದೋ? ಹೀಂಗೆ ಬರದರೆ ಆರು ಓದುಗು?” (ಇದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ? ಹೀಗೆ ಬರೆದರೆ ಯಾರು ಓದಿಯಾರು?)

ಕ್ಯಾಲೆಂಡರಿನ ಚೌಕಗಳು

ತಿರುವು ಬಂದದ್ದು ಒಂದು ಆಕಸ್ಮಿಕದಿಂದ. ಪುರವಣಿಗೆ ಬೇಸಿಗೆಯ ನೀರಿನ ಬಗ್ಗೆ ಓದುಗರ ಪುಟ್ಟ ಅನುಭವಗಳನ್ನು ಆಹ್ವಾನಿಸಿದ್ದೆವು. ಲೇಖಕಿ ಒಂದು ಪುಟದಷ್ಟು ಬರೆದು ಕಳುಹಿಸಿದರು: ಸುರಂಗದ ನೀರು ಯಾವ ವರ್ಷ ಯಾವ ವಾರದಲ್ಲಿ ಸಣ್ಣದಾಯಿತು, ಆಗ ಹಿತ್ತಿಲಿನ ಯಾವ ಸಾಲಿಗೆ ನೀರು ನಿಲ್ಲಿಸಿದೆವು, ಯಾವುದು ಬದುಕಿತು, ಯಾವುದು ಸತ್ತಿತು. ಮೂರು ವರ್ಷಗಳ ವಿವರ ಅದರಲ್ಲಿತ್ತು. ಇಷ್ಟು ಖಚಿತವಾಗಿ ನೆನಪಿರುವುದು ಹೇಗೆಂದು ಫೋನಿನಲ್ಲಿ ಕೇಳಿದಾಗ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ ಎಂದರು. ಹಾಲಿನ ಲೆಕ್ಕ, ಅಡಿಕೆ ಸುಲಿಯುವವರು ಬಂದ ದಿನ, ತಿಥಿ, ಮದುವೆ ಇವುಗಳ ನಡುವೆ ಪೆನ್ಸಿಲಿನಲ್ಲಿ ‘ಬಸಳೆ ನೆಟ್ಟದ್ದು’, ‘ಎಲೆಯಲ್ಲಿ ಚುಕ್ಕೆ’, ‘ಸುಡುಮಣ್ಣು ಹಾಕಿದ್ದು’ ಎಂದು ಚೌಕಗಳಲ್ಲಿ ಗೀಚಿದ್ದ ಹಳೆಯ ಕ್ಯಾಲೆಂಡರುಗಳನ್ನು ಅವರು ಸುರುಳಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದರು. ಬರಹಕ್ಕೆಂದು ಇಟ್ಟದ್ದಲ್ಲ, ಮುಂದಿನ ವರ್ಷ ಯಾವಾಗ ನೆಡಬೇಕೆಂದು ನೋಡಿಕೊಳ್ಳಲು.

ಅವರ ನಿಜವಾದ ಬಂಡವಾಳ ಆ ಕ್ಯಾಲೆಂಡರುಗಳಲ್ಲಿತ್ತು. ಬಸಳೆ ಆರೋಗ್ಯಕ್ಕೆ ಒಳ್ಳೆಯದೆಂದು ಬರೆಯಲು ನೂರು ಜನರಿದ್ದರು; ಒಂದೇ ಹಿತ್ತಿಲಿನಲ್ಲಿ ಜೂನ್ ತಿಂಗಳಲ್ಲಿ ನೆಟ್ಟ ಬಸಳೆಗೂ ನವರಾತ್ರಿಯ ಅನಂತರ ನೆಟ್ಟ ಬಸಳೆಗೂ ಏನು ವ್ಯತ್ಯಾಸವಾಯಿತೆಂದು ದಿನಾಂಕ ಸಹಿತ ಹೇಳಬಲ್ಲವರು ಅವರೊಬ್ಬರೇ. ಕ್ಯಾಲೆಂಡರಿನಲ್ಲಿದ್ದಷ್ಟನ್ನೇ ಬರೆಯಿರಿ, ಅದಕ್ಕಿಂತ ಹೆಚ್ಚು ಬೇಡ ಎಂದು ನಮ್ಮ ಸಂಪಾದಕರು ಸೂಚಿಸಿದರು. ಹೊಸಬರಿಗೆ ಕೊಡಬಹುದಾದ ಸಲಹೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದನ್ನು ನಾನು ಕೇಳಿಲ್ಲ.

ಬಸಳೆಯ ಲೇಖನ

ಅವರ ಮೊದಲ ಪೂರ್ಣ ಲೇಖನ ಹೀಗೆ ಸಿದ್ಧವಾಯಿತು, ಮತ್ತು ಅದು ಸಿದ್ಧವಾದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ಕರಡಿನಲ್ಲಿ “ಬುಡಕ್ಕೆ ಸುಡುಮಣ್ಣು ಹಾಕಿದರೆ ಬಸಳೆ ಚೆನ್ನಾಗಿ ಬರುತ್ತದೆ” ಎಂಬ ಒಂದು ಸಾಲಿತ್ತು. ಕರಾವಳಿಯವರಿಗೆ ಸುಡುಮಣ್ಣೆಂದರೆ ಹೊಸತಲ್ಲ. ಆದರೆ ಪುರವಣಿ ಕಲಬುರಗಿಗೂ ಹೋಗುತ್ತದೆ. ಅದನ್ನು ಹೇಗೆ ಮಾಡುತ್ತೀರಿ, ಆಯಿತೆಂದು ಹೇಗೆ ತಿಳಿಯುತ್ತದೆ, ಎಷ್ಟು ಹಾಕುತ್ತೀರಿ ಎಂಬ ಪ್ರಶ್ನೆಗಳನ್ನು ಕಳುಹಿಸಿದೆವು.

ಉತ್ತರವಾಗಿ ಬಂದ ಎರಡು ಪ್ಯಾರಾಗಳನ್ನು ಒಂದಕ್ಷರ ತಿದ್ದದೆ ಹಾಕಿಕೊಂಡೆವು. ಫೆಬ್ರವರಿಯಲ್ಲಿ ಗುಡ್ಡದಿಂದ ಗುಡಿಸಿ ತಂದ ತರಗೆಲೆ, ಒಣಗಿದ ಸಣ್ಣ ಕಡ್ಡಿ, ತೆಂಗಿನ ಸಿಪ್ಪೆಯ ಚೂರುಗಳನ್ನು ಹಾಸಿ, ಅದರ ಮೇಲೆ ಒಣ ಮಣ್ಣನ್ನು ಹರಡಿ, ಪುನಃ ಎಲೆ, ಪುನಃ ಮಣ್ಣು ಎಂದು ಪದರ ಪದರವಾಗಿ ಸೊಂಟದೆತ್ತರಕ್ಕೆ ಏರಿಸಿ, ಗಾಳಿ ಬೀಸುವ ಬದಿಯ ಬುಡಕ್ಕೆ ಬೆಂಕಿ ಕೊಡುತ್ತಾರೆ. ಉರಿ ಏಳಬಾರದು, ಎದ್ದಲ್ಲಿಗೆ ಮಣ್ಣು ಎಳೆಯಬೇಕು. ಒಳಗೊಳಗೇ ದಿನಗಟ್ಟಲೆ ಹೊಗೆಯಾಡಿ, ಮೇಲಿನಿಂದ ಹೊಗೆ ನಿಂತು, ಕೈಯಲ್ಲಿ ಹಿಡಿದರೆ ಮಣ್ಣು ಹುಡಿಯಾಗಿ ಕೆಂಪಗೆ ಕಂಡರೆ ಆಯಿತು. ಕಳೆಬೀಜ ಸತ್ತಿರುತ್ತದೆ, ಬೂದಿಯಿಂದ ಪೊಟ್ಯಾಷ್ ಸೇರಿರುತ್ತದೆ. ಇಷ್ಟರ ಕೊನೆಯಲ್ಲಿ ಅವರು ಸೇರಿಸಿದ್ದ ಒಂದು ವಾಕ್ಯ ನನಗೆ ಇಂದಿಗೂ ಇಷ್ಟ: ಬಿಸಿ ಆರುವ ಮೊದಲು ಹಾಕಬೇಡಿ, ಬೆಕ್ಕು ಆ ರಾಶಿಯ ಮೇಲೆ ಮಲಗುವುದನ್ನು ಬಿಟ್ಟ ಮೇಲೆ ಹಾಕಿ.

ಎಷ್ಟು ಎಂಬ ಪ್ರಶ್ನೆಗೆ ಮೊದಲು ಬಂದ ಉತ್ತರ ‘ಒಂದು ಬುಟ್ಟಿ’. ಬುಟ್ಟಿ ಮನೆಯಿಂದ ಮನೆಗೆ ಬೇರೆ. ಹಾಗಾಗಿ ಅಡಿಕೆ ತೂಗುವ ತಕ್ಕಡಿಯಲ್ಲಿ ಬುಟ್ಟಿಯನ್ನೇ ತೂಗಿ, ಸುಮಾರು 12 ಕಿಲೋ ಎಂದು ಬರೆದರು. ಬಚ್ಚಲ ನೀರಿನ ವಿಚಾರದಲ್ಲಿಯೂ ಹೀಗೆಯೇ ಆಯಿತು. ಬಸಳೆಯ ಚಪ್ಪರ ಬಚ್ಚಲಿನ ಹತ್ತಿರವಿರುವುದು ಹಳೆಯ ಕ್ರಮ. ಆದರೆ ಇಂದಿನ ಬಚ್ಚಲ ನೀರಿನಲ್ಲಿ ಬಟ್ಟೆ ಒಗೆಯುವ ಪುಡಿ ಇರುತ್ತದಲ್ಲವೇ ಎಂದು ಕೇಳಿದಾಗ, ಬಟ್ಟೆಯ ನೀರನ್ನು ಬೇರೆ ಕೊಳವೆಯಲ್ಲಿ ತೆಂಗಿನ ಬುಡಕ್ಕೆ ತಿರುಗಿಸಿ, ಅಕ್ಕಿ ಮತ್ತು ತರಕಾರಿ ತೊಳೆದ ನೀರನ್ನಷ್ಟೇ ಬಸಳೆಗೆ ಬಿಡುತ್ತಿರುವುದನ್ನು ಅವರು ವಿವರಿಸಿದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಅದನ್ನು ಬರೆಯಬೇಕೆಂದು ತೋಚಿರಲಿಲ್ಲವಂತೆ.

ಜೂನ್ ನಾಟಿಗೂ ಮಳೆಯ ಅನಂತರದ ನಾಟಿಗೂ ಇದ್ದ ವ್ಯತ್ಯಾಸವೇ ಲೇಖನದ ಬೆನ್ನೆಲುಬು. ಮಳೆಗಾಲದಲ್ಲಿ ಎಲೆಯ ಮೇಲೆ ಕೆನ್ನೇರಳೆ ಅಂಚಿನ ದುಂಡನೆಯ ಚುಕ್ಕೆಗಳು ತುಂಬಿ, ಬುಡ ಕೊಳೆತು, ಬಳ್ಳಿ ಚಪ್ಪರ ಹತ್ತುವ ಮೊದಲೇ ಹೋದದ್ದು. ಅಕ್ಟೋಬರ್ ಕೊನೆಯಲ್ಲಿ ಗೇಣುದ್ದದ ಬಳ್ಳಿತುಂಡು ನೆಟ್ಟದ್ದು ಅಡಿಕೆ ಮರ ಸೀಳಿ ಹಾಸಿದ ಚಪ್ಪರವನ್ನು ಜನವರಿಯೊಳಗೆ ಮುಚ್ಚಿದ್ದು. ಇವೆರಡೂ ಒಂದಕ್ಕಿಂತ ಹೆಚ್ಚು ವರ್ಷ ಹಾಗೆಯೇ ಆದದ್ದು. ಒಂದು ಹಿತ್ತಿಲಿನ ಅನುಭವ ಶಾಸ್ತ್ರವಾಗುವುದಿಲ್ಲವೆಂಬ ಎಚ್ಚರಿಕೆ ಅವರಿಗಿತ್ತು, ಆದ್ದರಿಂದ “ನಮ್ಮಲ್ಲಿ ಹೀಗಾಯಿತು” ಎಂದು ಬರೆದರೇ ಹೊರತು “ಹೀಗೆ ಮಾಡಬೇಕು” ಎಂದು ಬರೆಯಲಿಲ್ಲ. ಓದುಗರು ನಂಬಿದ್ದು ಅದನ್ನೇ.

ಮುಂದಿನ ಋತುವಿಗೆ ಹಿಂದಿನ ವರ್ಷದ ಟಿಪ್ಪಣಿ

ವಾರದ ಪುರವಣಿಗೆ ಕನಿಷ್ಠ ಮೂರು–ನಾಲ್ಕು ವಾರ, ಮಾಸಪತ್ರಿಕೆಗೆ ಎರಡು ತಿಂಗಳು ಮೊದಲೇ ಬರಹ ಕೈಸೇರಬೇಕು. ಅಕ್ಟೋಬರಿನಲ್ಲಿ ನೆಡುವವರಿಗಾಗಿ ಬರೆಯುವ ಲೇಖನವನ್ನು ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹೊರಗೆ ಸುರಿಯುತ್ತಿರುವಾಗ ಬರೆಯಬೇಕು. ಹಾಗೆ ಬರೆಯುವಾಗ ಕಣ್ಣ ಮುಂದೆ ಆ ಗಿಡ ಇರುವುದಿಲ್ಲ. ಕೈತೋಟ ಬರಹಕ್ಕೆ ಹೊಸದಾಗಿ ಬರುವವರು ಎಡವುವ ಜಾಗಗಳಲ್ಲಿ ಇದು ಮುಖ್ಯವಾದದ್ದು. ಹೂ ಅರಳಿದ ದಿನ ಉತ್ಸಾಹದಿಂದ ಬರೆದು ಕಳುಹಿಸುತ್ತಾರೆ, ಅದು ಅಚ್ಚಾಗುವ ಹೊತ್ತಿಗೆ ಹೂವಿನ ಕಾಲ ಮುಗಿದಿರುತ್ತದೆ, ಸಂಪಾದಕರು ಬದಿಗಿಡುತ್ತಾರೆ, ಮುಂದಿನ ವರ್ಷಕ್ಕೆ ಅದು ಯಾರಿಗೂ ನೆನಪಿರುವುದಿಲ್ಲ. ನಮ್ಮ ಲೇಖಕಿಗೆ ಕ್ಯಾಲೆಂಡರುಗಳಿದ್ದುದರಿಂದ ಈ ತೊಂದರೆ ಬರಲಿಲ್ಲ.

ಚಿತ್ರಗಳನ್ನೂ ಅದೇ ಲೆಕ್ಕದಲ್ಲಿ ಒಂದು ವರ್ಷ ಮೊದಲೇ ತೆಗೆದಿಡಬೇಕಾಯಿತು. ಸಾಮಾನ್ಯ ಮೊಬೈಲಿನಲ್ಲಿ, ಬೆಳಗಿನ ಎಳೆಬಿಸಿಲಿನಲ್ಲಿ ಅಥವಾ ಮೋಡದ ಬೆಳಕಿನಲ್ಲಿ, ಚಪ್ಪರ ಪೂರ್ತಿ ಕಾಣುವಂತೆ ಒಂದು, ರೋಗದ ಎಲೆಯ ಹತ್ತಿರದ್ದೊಂದು, ಕೆಲಸ ಮಾಡುವ ಕೈ ಕಾಣುವಂಥದ್ದೊಂದು. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗಿ ಅಚ್ಚಿಗೆ ಬಾರದಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಬೇಕು ಎಂಬುದನ್ನು ಮಗಳು ಹೇಳಿಕೊಟ್ಟಳು.

ಅಂಕಿ ಮತ್ತು ಔಷಧಿ

ಎರಡು–ಮೂರು ಲೇಖನಗಳಾದ ಮೇಲೆ ಹಾಗಲ ಮತ್ತು ಮುಳ್ಳುಸೌತೆಯ ಹಣ್ಣುನೊಣದ ಬಗ್ಗೆ ಬರೆದರು. ಅಂಗಡಿಯಿಂದ ತಂದ, ವಾಸನೆಯಿಂದ ನೊಣಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆಯನ್ನು ತೂಗುಹಾಕಿದರೂ ಕಾಯಿ ಕೊಳೆಯುವುದು ನಿಲ್ಲಲಿಲ್ಲ, ಆದ್ದರಿಂದ ಈ ಬಲೆಗಳಿಂದ ಪ್ರಯೋಜನವಿಲ್ಲ ಎಂಬುದು ಕರಡಿನ ತೀರ್ಮಾನವಾಗಿತ್ತು. ಬಲೆಯೊಳಗೆ ಯಾವ ಆಕರ್ಷಕ ಇತ್ತೆಂದು ಮೇಜಿನಿಂದ ಕೇಳಿದೆವು. ಅವರಿಗೆ ತಿಳಿದಿರಲಿಲ್ಲ. ಕವರನ್ನು ಹುಡುಕಿ ತೆಗೆದು, ಅದನ್ನು ಹಿಡಿದುಕೊಂಡು ಸಿಪಿಸಿಆರ್‌ಐ ಆವರಣದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದರು. ಅದರಲ್ಲಿ ಇದ್ದದ್ದು ಮಾವಿನ ಹಣ್ಣುನೊಣವನ್ನು ಸೆಳೆಯುವ ಮಿಥೈಲ್ ಯುಜಿನಾಲ್. ಸೌತೆ ಜಾತಿಯ ಬಳ್ಳಿಗಳಿಗೆ ಬರುವ ನೊಣ ಬೇರೆ. ಅದಕ್ಕೆ ಕ್ಯೂ ಲ್ಯೂರ್ ಬೇಕು. ಎರಡೂ ಗಂಡು ನೊಣಗಳನ್ನಷ್ಟೇ ಸೆಳೆಯುವುದರಿಂದ ಕೊಳೆತ ಕಾಯಿಗಳನ್ನು ಆರಿಸಿ ನಾಶಮಾಡುವ ಕೆಲಸ ಬಲೆ ಇದ್ದರೂ ತಪ್ಪುವುದಿಲ್ಲ. ತುಳಸಿ ಎಲೆಯನ್ನು ಜಜ್ಜಿ ಗೆರಟೆಯಲ್ಲಿ (ತೆಂಗಿನ ಚಿಪ್ಪಿನಲ್ಲಿ) ಇಟ್ಟು ನೊಣ ಹಿಡಿಯುವ ಉಪಾಯ ಮಾವಿನ ಮರದಡಿ ಫಲಿಸುವುದೂ ಹಾಗಲದ ಚಪ್ಪರದಲ್ಲಿ ಫಲಿಸದಿರುವುದೂ ಏಕೆಂಬುದು ಅಲ್ಲಿಯೇ ಬಗೆಹರಿಯಿತು: ತುಳಸಿಯಲ್ಲಿರುವುದೂ ಅದೇ ಮಿಥೈಲ್ ಯುಜಿನಾಲ್. ಪ್ರಕಟವಾದ ಲೇಖನದ ತೀರ್ಮಾನ ಕರಡಿನದಕ್ಕೆ ತದ್ವಿರುದ್ಧವಾಗಿತ್ತು, ಮತ್ತು ಅದು ಅವರ ಅತ್ಯಂತ ಹೆಚ್ಚು ಓದಲ್ಪಟ್ಟ ಲೇಖನವೆಂದು ನನ್ನ ಅಂದಾಜು. ಅದನ್ನು ಓದಿ ಫೋನು ಮಾಡಿದವರಲ್ಲಿ ಅಂಗಡಿಯವರೂ ಇದ್ದರು.

ಅಂಕಿಗಳ ವಿಚಾರದಲ್ಲಿ ಅವರು ರೂಢಿಸಿಕೊಂಡ ಕ್ರಮ ಇನ್ನೂ ಕಟ್ಟುನಿಟ್ಟಾದದ್ದು. ಹಲಸಿನ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಂತೆ ಮಳೆಗೆ ಮೊದಲು ಸಿಂಪಡಿಸುವ ಬೋರ್ಡೋ ದ್ರಾವಣ ಶೇಕಡಾ 1ರದ್ದು: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದರಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಶೇಕಡಾ 10ರ ಬೋರ್ಡೋ ಪೇಸ್ಟ್ ಆಗುತ್ತದೆ. ಅದನ್ನು ಕಾಂಡಕ್ಕೆ ಬಳಿಯುತ್ತಾರೆಯೇ ಹೊರತು ಎಲೆಗೆ ಸಿಂಪಡಿಸುವುದಿಲ್ಲ. ಎರಡೂ ನಿಜವಾದ ಪ್ರಮಾಣಗಳಾದ್ದರಿಂದ ಕರಡು ತಿದ್ದುವವರಿಗೆ ತಪ್ಪು ತಪ್ಪಾಗಿ ಕಾಣಿಸುವುದೇ ಇಲ್ಲ. ಹಾಗಾಗಿ ಪುಟ ಕಟ್ಟಿದ ಮೇಲೆ ಲೇಖನದಲ್ಲಿರುವ ಪ್ರತಿಯೊಂದು ಅಂಕಿಯನ್ನೂ ಫೋನಿನಲ್ಲಿ ಓದಿ ಹೇಳಬೇಕೆಂದು ಲೇಖಕಿ ಪಟ್ಟುಹಿಡಿದರು. ಆರಂಭದಲ್ಲಿ ನಮಗೆ ಇದು ಕಿರಿಕಿರಿಯೆನಿಸಿತು. ಬೇರೆ ಬರಹಗಾರರಿಗೂ ಅದನ್ನೇ ಅನ್ವಯಿಸಿದ್ದು ಆಮೇಲಿನ ಮಾತು. ದ್ರಾವಣ ಹುಳಿಯಾಗಿದೆಯೇ ಎಂದು ತಿಳಿಯಲು ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುವ, ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಸೇರಿಸುವ ಪದ್ಧತಿಯನ್ನು ಅವರು ಗಂಡ ಮಾಡುವುದನ್ನು ನೋಡಿಯೇ ಬರೆದರು.

ಕೀಟನಾಶಕಗಳ ಪ್ರಮಾಣವನ್ನು ಮಾತ್ರ ಅವರು ಇಂದಿಗೂ ಬರೆಯುವುದಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಪಂಚಾಯತುಗಳಲ್ಲಿ ಎಣ್ಮಕಜೆಯೂ ಒಂದು; ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಅದನ್ನು ತಡೆಹಿಡಿಯಿತು. ಆ ಊರುಗಳಲ್ಲಿ ಬದುಕಿದವರು ‘ಲೀಟರಿಗೆ ಎರಡು ಮಿಲಿ’ ಎಂಬ ಸಾಲನ್ನು ಹಗುರಾಗಿ ಬರೆಯಲಾರರು. ಅಗತ್ಯವಿದ್ದಲ್ಲಿ ಕೃಷಿ ಭವನವನ್ನು ಕೇಳಿ ಎಂದು ನಿಲ್ಲಿಸುತ್ತಾರೆ. ಇದರಿಂದ ಕೆಲವು ಲೇಖನಗಳು ಅಪೂರ್ಣವೆನಿಸುತ್ತವೆ ಎಂಬ ಆಕ್ಷೇಪ ನಮ್ಮಲ್ಲಿಯೇ ಇತ್ತು. ನನ್ನ ಅಭಿಪ್ರಾಯದಲ್ಲಿ ಅವರದು ಸರಿ.

ಅನುಭವ ಮುಗಿದಾಗ

ಮೆಚ್ಚುಗೆಯ ಪರಿಣಾಮವಾಗಿ ತಿಂಗಳಿಗೊಂದು ಬರಹ ಕೊಡಿ ಎಂಬ ಕೇಳಿಕೆ ಹೋಯಿತು. ಹೊಸ ಬರಹಗಾರರಿಗೆ ಇದು ವರವೆನಿಸಿದರೂ ಅಪಾಯದ ಸ್ಥಳವೂ ಹೌದು. ಒಂದು ಹಿತ್ತಿಲಿನಲ್ಲಿ ಎಷ್ಟು ಲೇಖನಗಳಿರಬಹುದು? ಬಸಳೆ, ಅಳಸಂಡೆ, ಹಾಗಲ, ಹರಿವೆ, ಸಾಂಬ್ರಾಣಿ ಗೆಡ್ಡೆ, ದಾಸವಾಳ ಇಷ್ಟು ಮುಗಿಯುವಾಗ ಅವರ ಸಂಗ್ರಹ ಬರಿದಾಯಿತು. ಅನಂತರ ಬಂದದ್ದು ಗುಲಾಬಿಯ ಸವರುವಿಕೆಯ ಬಗ್ಗೆ ಒಂದು ಲೇಖನ: ಅಕ್ಟೋಬರ್ ಮೊದಲ ವಾರದಲ್ಲಿ ಗಿಡವನ್ನು ಅರ್ಧಕ್ಕೆ ಕತ್ತರಿಸಬೇಕು, ಹದಿನೈದು ದಿನ ಬಿಸಿಲಿಗೆ ಬಿಡಬೇಕು ಎಂದೆಲ್ಲ ಅದರಲ್ಲಿತ್ತು. ಸುಮಾರು 900 ಮೀಟರ್ ಎತ್ತರದಲ್ಲಿರುವ, ವರ್ಷಕ್ಕೆ 1000 ಮಿಲಿಮೀಟರಿನ ಆಸುಪಾಸು ಮಳೆಯ ಬೆಂಗಳೂರಿಗೆ ಅದು ಸರಿಯಾದ ಸಲಹೆ. ಅವರ ಊರಿನಲ್ಲಿ ಅಕ್ಟೋಬರಿನ ಸಂಜೆಗಳಲ್ಲಿ ಗುಡುಗಿನೊಡನೆ ಮಳೆ ಬರುತ್ತಿರುತ್ತದೆ. ಕತ್ತರಿಸಿದ ತುದಿಗಳು ಕಪ್ಪಾಗಿ ಕೆಳಗಿನವರೆಗೆ ಒಣಗುತ್ತವೆ, ಚಿಗುರೆಲೆಗೆ ಕಪ್ಪುಚುಕ್ಕೆ ಬರುತ್ತದೆ. ಅವರದೇ ಕ್ಯಾಲೆಂಡರಿನ ಅಕ್ಟೋಬರ್ ಪುಟ ಅದಕ್ಕೆ ಸಾಕ್ಷಿಯಾಗಿತ್ತು. ಕೇಳಿದಾಗ, ಮನೆಯಲ್ಲಿರುವುದು ಚಟ್ಟಿಯಲ್ಲಿಟ್ಟ ಒಂದೇ ಗುಲಾಬಿಯೆಂದೂ ವಿಷಯವನ್ನು ಮೊಬೈಲಿನಲ್ಲಿ ಓದಿ ಬರೆದದ್ದೆಂದೂ ಒಪ್ಪಿಕೊಂಡರು. ಲೇಖನವನ್ನು ಹಿಂದಕ್ಕೆ ಪಡೆದರು. ಎರಡು ತಿಂಗಳು ಏನನ್ನೂ ಕಳುಹಿಸಲಿಲ್ಲ.

ದಾರಿ ತೆರೆದದ್ದು ನೆರೆಮನೆಯಿಂದ. ಇತರರ ತೋಟಗಳ ಬಗ್ಗೆ ಬರೆಯಿರಿ ಎಂಬ ಸಲಹೆ ಸುಲಭವಾದದ್ದೇ. ಕಷ್ಟವಿರುವುದು ಕೇಳುವ ಕ್ರಮದಲ್ಲಿ. ಅಳಸಂಡೆ ಬೆಳೆಸುವುದರಲ್ಲಿ ಹೆಸರಾದ, ಹತ್ತಿರದಲ್ಲೇ ಇರುವ ಹಿರಿಯರೊಬ್ಬರಲ್ಲಿಗೆ ಹೋಗಿ “ಅಜ್ಜ, ಬುಡಕ್ಕೆ ಬೂದಿ ಎಷ್ಟು ಹಾಕುತ್ತೀರಿ?” ಎಂದು ಕೇಳಿದಾಗ ಸಿಕ್ಕ ಉತ್ತರ “ಸ್ವಲ್ಪ ಅಕ್ಕ, ಹೆಚ್ಚು ಬೇಡ.” ಯಾವಾಗ? “ಬೇಕಾದಾಗ.” ಇದನ್ನೇ ಬರೆದರೆ ಮೊದಲ ಹಸ್ತಪ್ರತಿಯ ಸ್ಥಿತಿಗೆ ಮರಳಿದಂತೆಯೇ. ಲೇಖಕಿ ಇನ್ನೊಂದು ಬೆಳಿಗ್ಗೆ ಅವರು ಬೂದಿ ಹಾಕುವ ಹೊತ್ತಿಗೇ ಹೋಗಿ ಪಕ್ಕದಲ್ಲಿ ನಿಂತರು. ಅಜ್ಜ ಗೆರಟೆಯೊಂದನ್ನು ಡಬ್ಬಕ್ಕೆ ಅದ್ದಿ, ಅಂಚನ್ನು ಬೆರಳಿನಿಂದ ಸವರಿ ಸಮಮಾಡಿ, ಬುಡದಿಂದ ಒಂದು ಗೇಣು ಆಚೆಗೆ ಸುತ್ತಲೂ ಉದುರಿಸಿದರು. ಕಾಂಡಕ್ಕೆ ತಾಗಿದ್ದನ್ನು ಊದಿ ತೆಗೆದರು. ಅದೇ ಗೆರಟೆಯನ್ನು ಕೇಳಿ ಪಡೆದು, ಮನೆಗೆ ತಂದು, ಅಷ್ಟೇ ಬೂದಿ ತುಂಬಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಮರುದಿನ ಹಿಂತಿರುಗಿಸಿದರು. ಹೇಳುವಾಗ ‘ಸ್ವಲ್ಪ’ ಆಗಿದ್ದದ್ದು ಮಾಡುವಾಗ ಪ್ರತಿಸಲವೂ ಒಂದೇ ಅಳತೆಯಾಗಿತ್ತು. ಕಾಂಡದ ಮೇಲಿನ ಬೂದಿಯನ್ನು ಊದಿ ತೆಗೆಯುವ ವಿಚಾರವಂತೂ ಮಾತಿನಲ್ಲಿ ಬಂದೇ ಇರಲಿಲ್ಲ.

ಬೆಳೆದವರ ಮಾತಿಗಿಂತ ಕೈಯನ್ನು ಗಮನಿಸಬೇಕು ಎಂಬ ಈ ಕ್ರಮ ಅವರ ಬರಹದ ವ್ಯಾಪ್ತಿಯನ್ನು ಹಿಗ್ಗಿಸಿತು. ಊರ ದೇವಸ್ಥಾನವೊಂದಕ್ಕೆ ನಿತ್ಯ ಪೂಜೆಗೆ ಕೇಪಳ, ನಂದಿಬಟ್ಟಲು, ಕರವೀರ, ತುಳಸಿ ಒದಗಿಸುವ ಹೂದೋಟದ ಬಗ್ಗೆ ಬರೆದದ್ದು, ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಗುಂಪಿನ ಹೆಂಗಸರು ಗೇಣಿಗೆ ಪಡೆದ ಗದ್ದೆಯಲ್ಲಿ ಬೇಸಿಗೆಯ ತರಕಾರಿ ಬೆಳೆದದ್ದರ ಬಗ್ಗೆ ಬರೆದದ್ದು ಈ ಹಂತದಲ್ಲಿ. ಕುಟುಂಬಶ್ರೀಯವರೊಡನೆ ಮಾತುಕತೆಯೆಲ್ಲ ಮಲಯಾಳದಲ್ಲಿ ನಡೆಯಿತು. ಅಂಥ ಲೇಖನವನ್ನು ಕನ್ನಡಕ್ಕೆ ತರಬಲ್ಲವರು ಬೇರಾರೂ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಗಿಡದ ಹೆಸರುಗಳಲ್ಲಿ ಗೊಂದಲವಾಗದಂತೆ ಊರಿನ ಹೆಸರು, ಘಟ್ಟದ ಮೇಲಿನ ಹೆಸರು, ವೈಜ್ಞಾನಿಕ ಹೆಸರು ಮೂರನ್ನೂ ಮೊದಲ ಉಲ್ಲೇಖದಲ್ಲೇ ಕೊಡುವ ಅಭ್ಯಾಸವನ್ನೂ ಆಗಲೇ ಮಾಡಿಕೊಂಡರು.

ಹಣ

ಇದನ್ನು ಸುತ್ತುಬಳಸದೆ ಹೇಳಬೇಕು. ಕನ್ನಡದ ಪುರವಣಿಗಳಲ್ಲಿ ಕೃಷಿ ಲೇಖನಕ್ಕೆ ಸಿಗುವ ಗೌರವಧನ ಕೆಲವು ನೂರು ರೂಪಾಯಿ, ಅದೂ ತಿಂಗಳುಗಳ ಅನಂತರ. ಬಸ್ಸಿನ ಖರ್ಚು, ಫೋನು, ಒಂದು ಬೆಳಗಿನ ಕೆಲಸ ಬಿಟ್ಟ ನಷ್ಟ ಇವುಗಳನ್ನು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಕೈತೋಟ ಬರಹದಿಂದ ಬದುಕು ನಡೆಸಬಹುದೆಂದು ಹೊಸಬರಿಗೆ ಯಾರಾದರೂ ಹೇಳಿದರೆ ನಂಬಬಾರದು.

ಹಣ ಬೇರೆ ಬಾಗಿಲಿನಿಂದ ಬರುವ ಸಂದರ್ಭವೂ ಉಂಟು. ನರ್ಸರಿಯೊಂದರವರು ದಾಸವಾಳದ ಕಸಿ ಗಿಡಗಳನ್ನು ಉಚಿತವಾಗಿ ತಂದುಕೊಟ್ಟು, ಮುಂದಿನ ಲೇಖನದಲ್ಲಿ ನಮ್ಮ ಹೆಸರು ಬರಲಿ ಎಂದರು. ಲೇಖಕಿ ಗಿಡಗಳನ್ನು ತೆಗೆದುಕೊಂಡು ಬೆಲೆ ಕೊಟ್ಟರು, ಹೆಸರನ್ನು ಹಾಕಲಿಲ್ಲ. ಒಂದು ಮಳೆಗಾಲ ಕಳೆದು ಗಿಡಗಳು ಉಳಿದರೆ ಆಗ ಬರೆಯುತ್ತೇನೆ ಎಂದರಂತೆ. ಅವುಗಳಲ್ಲಿ ಉಳಿದವು ಕಡಿಮೆ, ಆದ್ದರಿಂದ ಬರೆಯುವ ಪ್ರಸಂಗ ಬರಲಿಲ್ಲ. ನರ್ಸರಿಯವರ ತಪ್ಪೆಂದು ಅವರು ಹೇಳುವುದಿಲ್ಲ. ಮುರಕಲ್ಲಿನ ಹುಳಿಮಣ್ಣು ಮತ್ತು ನೀರು ನಿಂತ ಜಾಗ ಕಾರಣವಿರಬಹುದು ಎನ್ನುತ್ತಾರೆ.

ಹಾಗಿದ್ದರೂ ಬರಹದಿಂದ ಪರೋಕ್ಷವಾಗಿ ಒಂದಷ್ಟು ಆದಾಯ ಹುಟ್ಟಿತು. ಬಸಳೆಯ ಬಳ್ಳಿತುಂಡು, ಸಾಂಬ್ರಾಣಿಯ ಸಸಿ, ಊರ ಅಳಸಂಡೆಯ ಬೀಜ ಕೇಳಿಕೊಂಡು ಬರುವವರಿದ್ದಾರೆ. ಲೇಖನದಲ್ಲಿ ತಾನು ಬೀಜ ಮಾರುತ್ತೇನೆಂದು ಬರೆಯುವುದು ಸರಿಯೇ ಎಂಬ ಪ್ರಶ್ನೆಯನ್ನು ಅವರೇ ಎತ್ತಿದರು. ಬರೆಯಬಾರದು, ಕೇಳಿದವರಿಗೆ ಕೊಡಬಹುದು ಎಂದು ನಾವು ಒಪ್ಪಿಕೊಂಡೆವು. ಈ ಗೆರೆ ಎಷ್ಟು ಗಟ್ಟಿಯೆಂಬ ಬಗ್ಗೆ ನನಗೆ ಈಗಲೂ ಸಂಶಯವಿದೆ.

ಸದ್ಯದ ಸ್ಥಿತಿ

ಪುರವಣಿಯ ಪುಟಗಳು ಕಡಿತಗೊಂಡಾಗ ಅವರ ತಿಂಗಳ ಬರಹ ನಿಂತಿತು. ಅದಕ್ಕೆ ಅವರ ಬರವಣಿಗೆ ಕಾರಣವಾಗಿರಲಿಲ್ಲ, ಆದರೆ ನಿಂತದ್ದು ನಿಂತದ್ದೇ. ಆಗ ಅವರು ಕೃಷಿ ಮಾಸಪತ್ರಿಕೆಯೊಂದಕ್ಕೆ ಬರೆಯಲು ಆರಂಭಿಸಿದರು. ಅಲ್ಲಿ ಗೌರವಧನ ಇನ್ನೂ ಕಡಿಮೆ, ಓದುಗರು ಮಾತ್ರ ಗಿಡ ನೆಡುವವರೇ. ಪ್ರಶ್ನೆಗಳು ಈಗ ಹೆಚ್ಚು ಹರಿತವಾಗಿ ಬರುತ್ತವೆ. ಸುಡುಮಣ್ಣಿಗಾಗಿ ಗುಡ್ಡದ ತರಗೆಲೆಯನ್ನೆಲ್ಲ ಗುಡಿಸಿ ಸುಟ್ಟರೆ ಗುಡ್ಡಕ್ಕೆ ಏನು ಉಳಿಯಿತು ಎಂದು ಸುಳ್ಯದ ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಅವರಿಗೆ ಉತ್ತರಿಸಲೆಂದು ಹಿತ್ತಿಲಿನ ಒಂದು ಬದಿಗೆ ಸುಡುಮಣ್ಣು, ಇನ್ನೊಂದು ಬದಿಗೆ ಅದೇ ತರಗೆಲೆಯನ್ನು ಹಟ್ಟಿಗೊಬ್ಬರದೊಡನೆ ಕೊಳೆಸಿದ ಗೊಬ್ಬರ ಹಾಕಿ ಹರಿವೆ ಬೆಳೆಸಿದ್ದಾರೆ. ಒಂದು ಋತುವಿನ ಲೆಕ್ಕ ಕ್ಯಾಲೆಂಡರಿನಲ್ಲಿದೆ, ಎರಡನೆಯದು ನಡೆಯುತ್ತಿದೆ. ಎರಡನೆಯ ಋತು ಮುಗಿಯುವವರೆಗೆ ಬರೆಯುವುದಿಲ್ಲವೆಂದು ಸಂಪಾದಕರಿಗೆ ತಿಳಿಸಿದ್ದಾರೆ. ಮೇ ಕೊನೆಯ ಭಾಗದಲ್ಲಿ ಬರುವ ತುಳುನಾಡಿನ ಆಚರಣೆಯಾದ ಪತ್ತನಾಜೆಗೆ ಮೊದಲು, ಅಂದರೆ ಮೇ ಸಂಚಿಕೆಯಲ್ಲಿ, ಅದು ಬರಬೇಕಾದರೆ ಮಾರ್ಚ್ ಮೊದಲ ವಾರದೊಳಗೆ ಹಸ್ತಪ್ರತಿ ಕೊಡಬೇಕು ಎಂಬುದು ಸಂಪಾದಕರ ಉತ್ತರ.